ತಕ್ಕಡಿ ಏರಿದ ರೈಟರ್

"ಎಪ್ಪತ್ತೆಂಟು ಕೆ.ಜಿ.! ಒಂದು ಗ್ರಾಂ ಜಾಸ್ತಿ ಇದ್ರೆ ಮೀಸೆ ಬೋಳಿಸ್ಕೋತೀನಿ!"

ಚೆಟ್ಟಳ್ಳಿ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಸಣ್ಣಸ್ವಾಮಿ ಹೀಗೆ ಭೀಷ್ಮಪ್ರತಿಜ್ಞೆ ಮಾಡಿದ್ದು ಭಾನುವಾರ ಬೆಳಿಗ್ಗೆ, ಆರನೇ ಕಡುಬನ್ನು ಕೋಳಿಸಾರಿನಲ್ಲಿ ಮುಳುಗಿಸುತ್ತ. ಹೆಸರಿಗೆ ಮಾತ್ರ ಸಣ್ಣ, ಆಸಾಮಿ ಭಾರಿ! ಮೂವತ್ತೆರಡು ವರ್ಷ ಊರವರ ಕಾಫಿ ಮೂಟೆ ತೂಗಿ ಬರೆದ ಕೈ ಅದು. ತನ್ನ ತೂಕವನ್ನು ಬಿಳಿ ಕೋಟಿನವರು ಬರೆಯುವುದೆಂದರೆ ಮಾನ ಹೋದ ಹಾಗೆ.

"ಮೀಸೆ ಇರ್ಲಿ ಬಿಡಿ," ಎಂದರು ಹೆಂಡತಿ ಕಾಮಾಕ್ಷಮ್ಮ. "ಎಂಬತ್ತು ದಾಟಿದ್ರೆ ನಾಳೆ ಕುಶಾಲನಗರದ ಆಸ್ಪತ್ರೆಗೆ ಬಂದು ಬೀಪಿ, ಶುಗರ್, ಎದೆ, ಎಲ್ಲಾ ಚೆಕ್ ಮಾಡಿಸ್ಬೇಕು. ನಿಮ್ಮಪ್ಪ ಐವತ್ತೆಂಟಕ್ಕೆ ಕಣದಲ್ಲೇ ಕುಸಿದ್ರು. ನಿಮಗೆ ಬರೋ ತಿಂಗಳು ಐವತ್ತೆಂಟು. ನಂಗೆ ಭಯ ಆಗುತ್ತೆ ರೀ."

ಸಣ್ಣಸ್ವಾಮಿ ಎತ್ತಿದ ಕಡುಬನ್ನು ತಟ್ಟೆಗೇ ಇಳಿಸಿದ. ಅಪ್ಪ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ನಾಲ್ಕು ಜನ ಹೊತ್ತುಕೊಂಡು ಹೋದಾಗ. ಆದರೆ ಹೆಂಡತಿಯ ಮುಂದೆ ಸೋಲುವುದುಂಟೇ?

"ಸರಿ! ಈಗಲೇ ತೂಗೋಣ. ಆ ಡಿಜಿಟಲ್ ಡಬ್ಬಿ ಬೇಡ, ಕರೆಂಟು ಹೇಳಿದ ಹಾಗೆ ಕೇಳುತ್ತೆ. ಹಳೇ ಮುಳ್ಳಿನ ತಕ್ಕಡೀಲಿ ತೂಗೋಣ!"

ಗೋದಾಮಿನ ತೊಲೆಗೆ ಆ ಹಳೆಯ ತಕ್ಕಡಿ ಇನ್ನೂ ನೇತುಬಿದ್ದಿತ್ತು. ನೋಡಿದ ಕೂಡಲೇ ಸಣ್ಣಸ್ವಾಮಿಯ ಮನಸ್ಸು ಮೆತ್ತಗಾಯಿತು. ಎಂಥಾ ಸಂಜೆಗಳವು! ನಾಲ್ಕು ಗಂಟೆಗೆ ಕಾಫಿಹಣ್ಣು ಕೀಳುವ ಪಿಕ್ಕಿಂಗ್ ಮುಗಿಸಿ ಹೆಂಗಸರು ತಲೆಯ ಮೇಲೆ ಮೂಟೆ ಹೊತ್ತು ಸಾಲಾಗಿ ಇಳಿದು ಬರುತ್ತಿದ್ದರು. ಬೆಲ್ಲದ ಕಾಫಿಯ ಘಮ, ಆಳುಗಳ ಲೈನ್ ಮನೆಗಳ ಹೊಗೆ, ಮುಳ್ಳು ಕುಣಿದು ನಿಲ್ಲುವವರೆಗೆ ಎಲ್ಲರದೂ ಬಿಗಿಹಿಡಿದ ಉಸಿರು. ಅವನಾಗ ಬಿದಿರುಕಡ್ಡಿಯ ಹಾಗಿದ್ದ. ಆ ದಿನಗಳು ಬೇಕು ಅಂದರೆ ಈಗ ಯಾರು ತಂದುಕೊಡುತ್ತಾರೆ!

ಜೀಪ್ ಡ್ರೈವರ್ ಲೋಕೇಶ್ ದೊಡ್ಡ ಗೋಣಿಚೀಲ ತಂದ. ಸಣ್ಣಸ್ವಾಮಿ ಸ್ಟೂಲ್ ಹತ್ತಿ ಚೀಲದೊಳಗೆ ಕುಳಿತ. ಕುತ್ತಿಗೆ ಮಾತ್ರ ಹೊರಗೆ! ಲೋಕೇಶ್ ಚೀಲದ ಬಾಯನ್ನು ಹಗ್ಗದಿಂದ ಕೊಕ್ಕೆಗೆ ಬಿಗಿದು ಸ್ಟೂಲ್ ಎಳೆದ. ಸ್ಟೂಲಿನ ಕಾಲು ಲಟಕ್ಕನೆ ಮುರಿಯಿತು. ತೊಲೆ ಕಿರ್ರೆಂದಿತು. ರೈಟರು ಬುಗುರಿಯಂತೆ ಗಿರ್ರನೆ ತಿರುಗತೊಡಗಿದರು!

"ಏಯ್, ಇಳಿಸೋ!"

"ಗಂಟು ಜಗ್ಗಿ ಕೂತ್ಬಿಟ್ಟಿದೆ ರೈಟ್ರೇ! ಸ್ಟೂಲೂ ಹೋಯ್ತು. ಏಣಿ ತರ್ತೀನಿ!"

"ಮೊದಲು ಮುಳ್ಳು ಓದೋ!"

"ತೊಂಬತ್ತನಾಲ್ಕು!"

ಲೋಕೇಶ್ ಏಣಿಗೆ ಓಡಿದ. ಅವನ ಬೊಬ್ಬೆ ಕೇಳಿ ಲೈನ್ ಮನೆಯವರೆಲ್ಲ ಬಾಗಿಲಲ್ಲಿ ಜಮಾಯಿಸಿದರು. ಭಾನುವಾರ ಬೇರೆ, ಯಾರಿಗೂ ಕೆಲಸವಿಲ್ಲ!

"ಗೋಣಿಗೆ ಒಂದು ಕೆ.ಜಿ. ಕಳೀರಿ!" ರೈಟರು ಚೀಲದೊಳಗಿಂದ ಗರ್ಜಿಸಿದರು. "ತೇವಕ್ಕೆ ಎರಡು!"

"ತೇವ ಎಲ್ಲಿಂದ ಬಂತು ರೈಟ್ರೇ?" ಎಂದಳು ಹಳೆಯ ಪಿಕ್ಕಿಂಗ್ ಆಳು ಸುಬ್ಬಿ. "ನಮ್ಮ ಮೂಟೇಲೂ ಹಿಂಗೇ ಕಳೀತಿದ್ರಲ್ಲ! ಇವತ್ತು ಗೊತ್ತಾಯ್ತು ಬುಡಿ ನಿಮ್ ಲೆಕ್ಕ!"

ಗೋದಾಮು ಹಾರಿಹೋಗುವಂಥ ನಗು. ಸಣ್ಣಸ್ವಾಮಿಗೆ ಬೇರೆ ದಾರಿ ಉಳಿಯಲಿಲ್ಲ. ತಿರುಗುತ್ತಲೇ, ಜೊತೆಗೆ ಬಂದಿದ್ದ ಹೆಂಡತಿಯನ್ನು ಹುಡುಕಿ ದನಿ ಇಳಿಸಿದ.

"ಕಾಮಾಕ್ಷಿ, ಮದುವೆಗೆ ಮುಂಚೆ ಇದೇ ಕೊಕ್ಕೆಗೆ ನಿನ್ನ ಮೂಟೆ ಸಿಕ್ಕಿಸ್ತಿದ್ದೆ, ನೆನಪಿದೆಯಾ? ದಿನಾ ಒಂದು ಕೆ.ಜಿ. ಸೇರಿಸಿ ಬರೀತಿದ್ದೆ. ಪ್ರೀತಿಗೆ! ಇವತ್ತು ನೀನು ನಂಗೋಸ್ಕರ ಒಂದು ಹದಿನಾಲ್ಕು ಕಳೆಯೋಕಾಗಲ್ವಾ?"

ಹೆಂಗಸರೆಲ್ಲ "ಅಯ್ಯಯ್ಯೋ!" ಎಂದು ಬಾಯಿಗೆ ಸೆರಗು ಒತ್ತಿಕೊಂಡರು. ಕಾಮಾಕ್ಷಮ್ಮನ ಮುಖ ಕಾಫಿಹಣ್ಣಿನಷ್ಟು ಕೆಂಪಾಯಿತು. ಕಣ್ಣೂ ತುಂಬಿತು. ಹತ್ತಿರ ಬಂದು ಎರಡೂ ಕೈಯಿಂದ ಚೀಲ ಹಿಡಿದು ತಿರುಗುವುದನ್ನು ನಿಲ್ಲಿಸಿದರು.

"ಗೊತ್ತಿತ್ತು ರೀ. ಆ ಒಂದು ಕೆ.ಜಿ.ಗೇ ಮರುಳಾಗಿ ನಿಮ್ಮನ್ನ ಕಟ್ಕೊಂಡೆ."

"ಮತ್ತೆ!" ಸಣ್ಣಸ್ವಾಮಿಯ ಮುಖ ಅರಳಿತು.

"ಮತ್ತೇನು? ದಿನಾ ನನ್ನ ಮೂಟೆ ತಳದಲ್ಲಿ ಮೂರು ಕೆ.ಜಿ. ಕಲ್ಲೂ ಇರ್ತಿತ್ತು! ಸುರಿಯುವಾಗ ನೀವು ನನ್ನ ಮುಖಾನೇ ನೋಡ್ಕೊಂಡು ನಿಂತಿರ್ತಿದ್ರಿ. ಒಂದು ದಿನಾನೂ ಕಲ್ಲು ಕಾಣ್ಲಿಲ್ಲ. ಆ ಕಣ್ಣು ನಂಬಿ ನಾನು ನಿಮ್ಮನ್ನ ಕಳ್ಕೊಳ್ಲಾ? ನಾಳೆ ಆರೂವರೆ ಬಸ್ಸಿಗೆ ಹೊರಡಿ. ಡಾಕ್ಟ್ರು ಮುಖ ನೋಡಲ್ಲ, ಮುಳ್ಳು ನೋಡ್ತಾರೆ!"