ಮೇಸ್ತ್ರಿಗಳ ಹತ್ತಿ ಚೂರು

ದೀಪದ ಮೇಸ್ತ್ರಿಗಳಿಗೆ ಆ ದಿನ ವೈರಿಯಾಗಿ ನಿಂತದ್ದು ಅವರೇ ನಿಲ್ಲಿಸಿದ ಕಂಬ.

ಹನ್ನೊಂದು ವರ್ಷದ ಹಿಂದೆ ತಮ್ಮ ಮನೆಯ ಎದುರಿಗೇ ಅದನ್ನು ನೆಡಿಸಿದ್ದರು. ವಿದ್ಯುತ್ ಕಚೇರಿಯಲ್ಲಿ ಬೀದಿದೀಪಗಳ ಮೇಸ್ತ್ರಿಯಾಗಿದ್ದುಕೊಂಡು ಸ್ವಂತ ಬೀದಿಯೇ ಕತ್ತಲಲ್ಲಿದ್ದರೆ ಮರ್ಯಾದೆ ಏನು ಉಳಿಯಿತು? ಆಮೇಲೆ ಅದಕ್ಕೆ ಬಿಳಿಯ ಎಲ್‌ಇಡಿ ದೀಪವನ್ನೂ ಹಾಕಿಸಿದರು. ಮಹಡಿಯ ಮೇಲೆ ಒಣಗಲು ಹಾಕಿದ ಮೇಸ್ತ್ರಿಗಳ ಬನಿಯನ್ನಿನಲ್ಲಿ ಎಷ್ಟು ತೂತುಗಳಿವೆ ಎನ್ನುವುದು ಅಂದಿನಿಂದ ಇಡೀ ಬೀದಿಗೆ ಗೊತ್ತಾಯಿತು. "ನಮ್ಮ ಬೀದೀಲಿ ರಾತ್ರಿ ಸೂಜಿ ಬಿದ್ರೂ ಸಿಗುತ್ತೆ" ಎಂದು ಎದುರುಮನೆಯ ಟೈಲರ್ ಬಂದವರಿಗೆಲ್ಲ ಹೇಳುತ್ತಿದ್ದ. ಅವನ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಸೂಜಿ ಸಿಗುತ್ತಿತ್ತು, ನಿಜ. ನಕ್ಷತ್ರ ಸಿಗುತ್ತಿರಲಿಲ್ಲ.

ಮೇಸ್ತ್ರಿಗಳಿಗೆ ನಕ್ಷತ್ರ ಯಾಕೆ ಬೇಕಾಯಿತು ಎಂದು ತಿಳಿಯಬೇಕಾದರೆ ಇಪ್ಪತ್ತೆಂಟು ವರ್ಷ ಹಿಂದಕ್ಕೆ ಹೋಗಬೇಕು. ಅವರ ಮದುವೆಯಾಗಿ ಎಂಟನೆಯ ದಿನ. ಊರಿಗೆಲ್ಲ ಕರೆಂಟು ಹೋಗಿತ್ತು. ಹೊಸ ಹೆಂಡತಿಯ ಹತ್ತಿರ ಏನು ಮಾತಾಡಬೇಕೆಂದು ತಿಳಿಯದೆ ಎಂಟು ದಿನ ಒದ್ದಾಡಿದ್ದ ಮೇಸ್ತ್ರಿಗಳು ಆಕೆಯನ್ನು ಮಹಡಿಗೆ ಕರೆದುಕೊಂಡು ಹೋಗಿ, ಆಕಾಶದಲ್ಲಿ ಒಂದು ಮಸುಕಾದ ಚುಕ್ಕೆಯನ್ನು ತೋರಿಸಿ, "ಅದು ಕಾಣ್ತಿದೆಯಾ? ನಕ್ಷತ್ರ ಅಲ್ಲ, ಏನೋ ಬೇರೆ" ಎಂದಿದ್ದರು. ಆಕೆ ತುಂಬ ಹೊತ್ತು ಕತ್ತೆತ್ತಿ ನೋಡಿ, "ಹ್ಞೂ, ಹತ್ತಿ ಚೂರಿನ ಹಾಗಿದೆ" ಎಂದಿದ್ದರು. ಗಂಡ ಹೆಂಡಿರ ನಡುವೆ ನಡೆದ ಮೊದಲ ನೆಟ್ಟಗಿನ ಮಾತುಕತೆ ಅದು. ಆ ಒಂದು ಮಾತಿಗೆ ಮೇಸ್ತ್ರಿಗಳು ಸೋತುಹೋದರು, ಇನ್ನೂ ಚೇತರಿಸಿಕೊಂಡಿಲ್ಲ.

ಆಮೇಲೆ ಅವರು ಊರಿಗೆಲ್ಲ ದೀಪ ಹಾಕುತ್ತ ಹೋದರು. ಕಂಬಗಳು ಎದ್ದ ಹಾಗೆಲ್ಲ ಆಕಾಶ ಬಿಳಿಚಿಕೊಂಡಿತು. ಒಂದು ಸಂಜೆ ಹೆಂಡತಿ ಮಹಡಿಯಲ್ಲಿ ಬಟ್ಟೆ ಮಡಿಸುತ್ತ, "ಆ ಹತ್ತಿ ಚೂರು ಈಗ ಎಲ್ಲಿ ಹೋಯ್ತೋ" ಎಂದರು. ಮಾತಿಗೆ ಅಂದ ಮಾತು. ಮೇಸ್ತ್ರಿಗಳ ಎದೆಗೆ ಮಾತ್ರ ನಾಟಿತು. ಅದನ್ನು ಅಳಿಸಿದವನು ನಾನೇ ತಾನೇ ಎಂದು ಅವರಿಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ವಿಚಾರಿಸಿದಾಗ ಅದು ಆಂಡ್ರೊಮಿಡಾ ಎಂಬ ಗೆಲಾಕ್ಸಿಯೆಂದು ಗೊತ್ತಾಯಿತು. ಕಣ್ಣಿಗೆ ಕಾಣದಿದ್ದರೇನು, ಫೋಟೊ ತೆಗೆದು ಅವಳ ಕೈಗೆ ಕೊಡುತ್ತೇನೆ ಎಂದು ಶಪಥ ಮಾಡಿದರು. ಎಂಟು ತಿಂಗಳ ಹಿಂದೆ ಯಾರೋ ಬಳಸಿ ಬಿಟ್ಟ ಟೆಲಿಸ್ಕೋಪು, ಅದನ್ನು ಆಕಾಶದ ಜೊತೆಗೇ ಮೆಲ್ಲಗೆ ತಿರುಗಿಸುವ ಮೋಟಾರಿನ ಸ್ಟ್ಯಾಂಡು, ಕ್ಯಾಮೆರಾ ಎಲ್ಲ ಮಹಡಿ ಹತ್ತಿದವು. ಗುಂಡಿ ಒತ್ತಿದರೆ ಫೋಟೊ ಬರುತ್ತದೆ ಎಂದು ಮೇಸ್ತ್ರಿಗಳು ನಂಬಿದ್ದರು. ಪಾಪ. ಮೊದಲು ಸ್ಟ್ಯಾಂಡನ್ನು ಧ್ರುವ ನಕ್ಷತ್ರಕ್ಕೆ ಸರಿಯಾಗಿ ಹೊಂದಿಸಲು ಬಾರದೆ ನಕ್ಷತ್ರಗಳೆಲ್ಲ ಗೀಟುಗಳಾಗಿ ಬಂದವು. ಹೆಂಡತಿ ಕನ್ನಡಕ ಸರಿಮಾಡಿಕೊಂಡು ನೋಡಿ, "ಮಳೆ ಫೋಟೊ ಚೆನ್ನಾಗಿ ಬಂದಿದೆ" ಎಂದರು. ಆಮೇಲೆ ಫೋಕಸ್ ಕೂಡದೆ ಒಂದೊಂದು ನಕ್ಷತ್ರವೂ ಬಟ್ಟೆಯ ಗುಂಡಿಯಷ್ಟು ದಪ್ಪ ಬಂತು. "ಇದು ಕೋಟಿಗೆ ಹಾಕೋ ಗುಂಡಿ" ಎಂದು ಟೈಲರ್ ತೀರ್ಪು ಕೊಟ್ಟ. ಕೊನೆಗೆ, ಒಂದೊಂದು ನಿಮಿಷದ ನೂರಾರು ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿದರೆ ಮಾತ್ರ ಅಷ್ಟು ದೂರದ ಬೆಳಕು ಹಿಡಿತಕ್ಕೆ ಬರುತ್ತದೆಂದು ಕಲಿತರು. ಇನ್ನು ಅಡ್ಡಿ ಉಳಿದದ್ದು ಒಂದೇ. ಆ ಕಂಬ.

ಆ ದಿನ ಕಳೆದು ಬೆಳಗಾದರೆ ಹೆಂಡತಿಯ ಐವತ್ತನೆಯ ಹುಟ್ಟುಹಬ್ಬ. ಫೋಟೊಗೆಂದು ಮಾಡಿಸಿದ ಚೌಕಟ್ಟು ಖಾಲಿ ಹೊಟ್ಟೆಯಲ್ಲಿ ಕಪಾಟಿನ ಹಿಂದೆ ಕಾಯುತ್ತಿತ್ತು. ಅಂದು ಚಂದ್ರನಿಲ್ಲ, ಮೋಡವಿಲ್ಲ. ಸಂಜೆ ಏಳೂವರೆಗೆ ಮೇಸ್ತ್ರಿಗಳು ಕಂಬದ ಪೆಟ್ಟಿಗೆ ತೆರೆದು, ಅತ್ತ ಇತ್ತ ನೋಡಿ, ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡರು. ಮೂವತ್ತು ವರ್ಷದ ಸರ್ವೀಸಿನಲ್ಲಿ ಮಾಡಿದ ಮೊದಲ ಕಳ್ಳತನ, ಅದೂ ಸ್ವಂತ ಕಂಬದ್ದು. ಎರಡೆರಡು ಮೆಟ್ಟಿಲು ಹಾರಿ ಮಹಡಿ ಹತ್ತಿದರು.

ಮೊದಲ ಫೋಟೊ ಮುಗಿಯುವ ಮುಂಚೆ ಫೋನು ಬಂತು. ಪಕ್ಕದ ಮನೆಯ ಹೆಡ್‌ಮಿಸ್. ನಿವೃತ್ತಿಯಾಗಿ ಆರು ವರ್ಷವಾದರೂ ಇಡೀ ಬೀದಿಯನ್ನು ಏಳನೇ ತರಗತಿ ಎಂದೇ ತಿಳಿದವರು.

"ಮೇಸ್ತ್ರಿಗಳೇ, ದೀಪ ಹೋಗಿ ನಾಲ್ಕು ನಿಮಿಷ ಆಯ್ತು."

"ಗೊತ್ತಾಯ್ತು ಮೇಡಂ. ಒಂದು ಸಾಮಾನು ಸುಟ್ಟುಹೋಗಿದೆ. ನಾಳೆ ಬರುತ್ತೆ."

"ನಾಳೆನಾ?" ಹೆಡ್‌ಮಿಸ್ ದನಿ ಇಳಿಯಿತು. "ನೀವು ಯಾವತ್ತೂ ನಾಳೆ ಅಂದವರಲ್ಲ. ಮೈ ಹುಷಾರಾಗಿದೆ ತಾನೇ?"

ಇದೇ ಆದದ್ದು ಎಡವಟ್ಟು. ಬೇರೆ ಯಾರಾದರೂ ಆಗಿದ್ದರೆ ಬೀದಿ ಬೈದು ಸುಮ್ಮನಾಗುತ್ತಿತ್ತು. ಮೂವತ್ತು ವರ್ಷ ಒಂದು ದೀಪವನ್ನೂ ಒಂದು ಗಂಟೆಗಿಂತ ಹೆಚ್ಚು ಆರಲು ಬಿಡದ ಮನುಷ್ಯ ನಾಳೆ ಅಂದದ್ದಕ್ಕೆ ಬೀದಿ ಗಾಬರಿಯಾಯಿತು. ಅರ್ಧ ಗಂಟೆಯೊಳಗೆ ಮೇಸ್ತ್ರಿಗಳಿಗೆ ತಲೆಸುತ್ತು ಎಂಬ ಸುದ್ದಿ ಬೀದಿಯ ಆ ತುದಿಯಲ್ಲಿ ಎದೆನೋವಾಗಿತ್ತು.

ಮಹಡಿಯ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಮುಂದೆ ಹೆಡ್‌ಮಿಸ್, ಕೈಯಲ್ಲಿ ಬಿಸಿ ಹಾಲಿನ ಲೋಟ. ಹಿಂದೆ ಟೈಲರ್, ಕೈಯಲ್ಲಿ ಟಾರ್ಚು. ಅವನ ಹಿಂದೆ ಇನ್ನೂ ಐದಾರು ಜನ.

"ಟಾರ್ಚ್ ಆರಿಸಪ್ಪಾ! ಸ್ಟ್ಯಾಂಡ್ ಮುಟ್ಟಬೇಡ್ರೀ!" ಎಂದು ಮೇಸ್ತ್ರಿಗಳು ಎರಡೂ ಕೈ ಚಾಚಿ ಟೆಲಿಸ್ಕೋಪಿಗೆ ಅಡ್ಡ ನಿಂತರು.

"ನೋಡಿದ್ರಾ, ಕೈ ನಡುಗ್ತಿದೆ" ಎಂದರು ಹೆಡ್‌ಮಿಸ್. "ಹಿಡ್ಕೊಳ್ಳೋ ಅವರನ್ನ."

ಟೈಲರ್ ಓಡಿಬಂದು ಅಪ್ಪಿ ಹಿಡಿದ. ಆ ಪ್ರೀತಿಯ ರಭಸಕ್ಕೆ ಮೇಸ್ತ್ರಿಗಳ ಕನ್ನಡಕ ಹಾರಿ ಬಿತ್ತು. ಅದನ್ನು ಹುಡುಕಲು ಟೈಲರ್ ಒಂದು ಹೆಜ್ಜೆ ಮುಂದಿಟ್ಟ. ಕರಕ್ ಎಂದು ಸದ್ದಾಯಿತು.

"ಸಿಕ್ತು" ಎಂದ ಟೈಲರ್, ಸಣ್ಣ ದನಿಯಲ್ಲಿ.

ಮೇಸ್ತ್ರಿಗಳು ಚೂರುಗಳನ್ನು ಕರ್ಚೀಫಿನಲ್ಲಿ ಸುತ್ತಿ ಫ್ಯೂಸಿನ ಪಕ್ಕಕ್ಕೆ ಜೇಬಿಗಿಳಿಸಿದರು. ಹತ್ತಿರದ್ದು ಅವರಿಗೆ ಬರಿಗಣ್ಣಿಗೂ ಕಾಣುತ್ತಿತ್ತು. ಕಂಪ್ಯೂಟರ್ ಪರದೆ ನೋಡಲು ತೊಂದರೆಯಿರಲಿಲ್ಲ. ಒಂದು ಮಾರು ದಾಟಿದರೆ ಮಾತ್ರ ಜಗತ್ತೆಲ್ಲ ಮಂಜು. ಹಾಲು ಕುಡಿದು, ನಾಲಿಗೆ ತೋರಿಸಿ, ಎದೆನೋವಿಲ್ಲ ಎಂದು ಆಣೆ ಮಾಡಿ, ಅಂತೂ ಎಲ್ಲರನ್ನೂ ಕೆಳಗೆ ಸಾಗಹಾಕಿದರು.

ಆಮೇಲೆ ಅರ್ಧ ಗಂಟೆ ಸ್ವರ್ಗ. ಹತ್ತು ಫೋಟೊ, ಇಪ್ಪತ್ತು, ಮೂವತ್ತು. ಕೂಡಿಸಿ ನೋಡಿದರು. ಪರದೆಯ ನಡುವೆ ಓರೆಯಾಗಿ, ಮೊಟ್ಟೆಯಾಕಾರದಲ್ಲಿ, ಉಸಿರು ಬಿಟ್ಟರೆ ಹಾರಿಹೋಗುವಂಥ ಒಂದು ಮಸುಕು. ಮೇಸ್ತ್ರಿಗಳ ಕಣ್ಣಲ್ಲಿ ನೀರು ಬಂತು. ಇನ್ನೊಂದು ನೂರು ಫೋಟೊ ಸಾಕು, ಅದರ ಸುರುಳಿಗಳೂ ಎದ್ದುಬರುತ್ತವೆ.

ಅಷ್ಟರಲ್ಲಿ ಕೆಳಗೆ ಬೀದಿಯಲ್ಲಿ ಹೆಡ್‌ಮಿಸ್ ಸಭೆ ನಡೆಸುತ್ತಿದ್ದರು. "ಈಗ ಇಂಜಿನಿಯರು ಈ ಕಡೆ ಬಂದ್ರೆ ಏನಾಗುತ್ತೆ? ಮೇಸ್ತ್ರಿ ಬೀದೀಲೇ ಕತ್ತಲು ಅಂತ ಬರ್ಕೋತಾರೆ. ಆ ಮನುಷ್ಯ ನಮಗೆ ಇಷ್ಟು ವರ್ಷ ಬೆಳಕು ಕೊಟ್ಟಿದ್ದಾರೆ. ಒಂದು ರಾತ್ರಿ ನಾವು ಅವರಿಗೆ ಕೊಡೋಕಾಗಲ್ವಾ?"

ಎಲ್ಲರ ಮನಸ್ಸೂ ಕರಗಿತು. ಟೈಲರ್ ಅಂಗಡಿಯಿಂದ ಎರಡು ದೊಡ್ಡ ಹ್ಯಾಲೊಜೆನ್ ದೀಪ ಎಳೆದು ತಂದ. ಮನೆ ಮನೆಯ ಬಾಗಿಲ ದೀಪ, ಹಿತ್ತಲ ದೀಪ, ಬಚ್ಚಲ ದೀಪ ಎಲ್ಲವೂ ವೈರು ಹಿಡಿದುಕೊಂಡು ಬೀದಿಗೆ ಬಂದವು. ಬೀದಿ ಸರ್ಕಸ್ಸಿನ ಡೇರೆಯ ಹಾಗೆ ಝಗ್ಗೆಂದಿತು. "ಮೇಸ್ತ್ರಿಗಳೇ, ನೀವೇನೂ ಯೋಚ್ನೆ ಮಾಡ್ಬೇಡಿ! ಆರಾಮಾಗಿ ಮಲ್ಕೊಳ್ಳಿ!" ಎಂದು ಟೈಲರ್ ಒಂದು ಹ್ಯಾಲೊಜೆನ್ನನ್ನು ಮೇಲಕ್ಕೇ ತಿರುಗಿಸಿ, ಅದರ ಬೆಳಕಿನಲ್ಲೇ ಕೈ ಬೀಸಿದ.

ಪರದೆಯ ಮೇಲೆ ಗೆಲಾಕ್ಸಿ ಹಾಲಿನಲ್ಲಿ ಬಿದ್ದ ಸಕ್ಕರೆಯಂತೆ ಕರಗಿಹೋಯಿತು. ಬೈಯೋಣವೆಂದರೆ ಯಾರನ್ನು ಬೈಯುವುದು? ಅಷ್ಟು ಅಕ್ಕರೆಯಿಂದ ಯಾರೂ ಮೇಸ್ತ್ರಿಗಳನ್ನು ಹಾಳು ಮಾಡಿರಲಿಲ್ಲ. ಅವರು ಗೋಡೆಗೊರಗಿ ಕೂತುಬಿಟ್ಟರು.

ಬೀದಿ ತುದಿಯ ಟ್ರಾನ್ಸ್‌ಫಾರ್ಮರು ಹಳೆಯದು, ಹೆಚ್ಚು ಭಾರ ತಾಳುವುದಿಲ್ಲ ಎಂದು ಮೇಸ್ತ್ರಿಗಳು ಎರಡು ವರ್ಷದಿಂದ ಕಚೇರಿಗೆ ಬರೆಯುತ್ತಲೇ ಇದ್ದರು. ಕಚೇರಿ ನಂಬಿರಲಿಲ್ಲ. ಟ್ರಾನ್ಸ್‌ಫಾರ್ಮರು ಆ ಹೊತ್ತಿಗೆ ಸರಿಯಾಗಿ ಧಡ್ ಎಂದು ಸಾಕ್ಷಿ ಹೇಳಿತು. ಬೀದಿಯಷ್ಟೇ ಅಲ್ಲ, ಇಡೀ ಬಡಾವಣೆ ಆರಿಹೋಯಿತು.

ಅಂಥ ಕತ್ತಲೆಯನ್ನು ಮೇಸ್ತ್ರಿಗಳು ಎಂಟು ತಿಂಗಳಿಂದ ಕನಸು ಕಂಡಿದ್ದರು. ಗಡಬಡಿಸಿ ಎದ್ದು ಕ್ಯಾಮೆರಾದ ಗುಂಡಿ ಒತ್ತಿದರು. ಅದು ಮಿಸುಕಲಿಲ್ಲ. ಮೋಟಾರೂ ನಿಂತಿತ್ತು. ಎರಡಕ್ಕೂ ಬೇಕಾದದ್ದು ಮನೆಯ ಕರೆಂಟೇ.

ಮೆಟ್ಟಿಲಲ್ಲಿ ಪರಿಚಿತ ಹೆಜ್ಜೆ ಕೇಳಿತು. ಹೆಂಡತಿ ಬಂದು ಪಕ್ಕದಲ್ಲಿ ನಿಂತರು. ಕತ್ತಲಿನ ಧೈರ್ಯಕ್ಕೆ ಮೇಸ್ತ್ರಿಗಳು ಎಲ್ಲ ಹೇಳಿಬಿಟ್ಟರು. ಫ್ಯೂಸು, ಚೌಕಟ್ಟು, ಐವತ್ತು, ಹತ್ತಿ ಚೂರು. ಕನ್ನಡಕದ ವಿಷಯ ಒಂದು ಬಿಟ್ಟು.

ಆಕೆ ಟೆಲಿಸ್ಕೋಪನ್ನು ಒಮ್ಮೆ ಮೆಲ್ಲಗೆ ಸವರಿದರು. ಆಮೇಲೆ, "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬಾರದು" ಎಂದರು. "ಅವತ್ತು ನಂಗೆ ಏನೂ ಕಂಡಿರಲಿಲ್ಲ."

"ಏನಂದೆ?"

"ಕನ್ನಡಕದ ಹುಡುಗಿ ಅಂತ ನಿಮ್ಮ ಮನೇಲಿ ಯಾರಾದ್ರೂ ಆಡ್ಕೋತಾರೆ ಅಂತ ಒಂದು ತಿಂಗಳು ಅದನ್ನ ಪೆಟ್ಟಿಗೆ ತಳದಲ್ಲಿ ಬಚ್ಚಿಟ್ಟಿದ್ದೆ. ಅದಿಲ್ದಿದ್ರೆ ನಂಗೆ ಆಕಾಶವೆಲ್ಲ ಹತ್ತಿ ಚೂರೇ. ನೀವು ಅಷ್ಟು ಆಸೆಯಿಂದ ತೋರಿಸ್ತಿದ್ರಿ. ಇಲ್ಲ ಅನ್ನೋಕೆ ಮನಸ್ಸು ಬರ್ಲಿಲ್ಲ."

ಇಪ್ಪತ್ತೆಂಟು ವರ್ಷದ ಕಟ್ಟಡ ಒಂದು ಕ್ಷಣ ಅಲುಗಾಡಿತು. ಮೇಸ್ತ್ರಿಗಳಿಗೆ ಕೋಪ ಬರಬೇಕಾಗಿತ್ತು. ಬಂದದ್ದು ನಗು.

"ಈಗ ಕನ್ನಡಕ ಹಾಕಿದ್ದೀಯಾ?"

"ಹಾಕಿದ್ದೀನಿ."

"ಹಾಗಾದ್ರೆ ನೋಡು. ಮೇಲೆ ನಾಲ್ಕು ನಕ್ಷತ್ರದ ದೊಡ್ಡ ಚೌಕ ಇದೆಯಲ್ಲ? ಅದರ ಮೂಲೆಯಿಂದ ಸಾಲಾಗಿ ಎರಡು ನಕ್ಷತ್ರ ಮುಂದಕ್ಕೆ ಹೋಗು. ಎರಡನೇದರಿಂದ ಪಕ್ಕಕ್ಕೆ ತಿರುಗಿ ಮತ್ತೆರಡು, ಸಣ್ಣವು. ಅದರ ಪಕ್ಕದಲ್ಲೇ." ಮೇಸ್ತ್ರಿಗಳಿಗೆ ಎಲ್ಲ ಬಾಯಿಪಾಠವಾಗಿತ್ತು.

ಆಕೆ ಬೆರಳೆತ್ತಿ ಎಣಿಸುತ್ತ ಹೋದರು. ಬೆರಳು ನಿಂತಿತು.

"ಅಯ್ಯೋ!" ಎಂದರು. "ನಿಜವಾಗ್ಲೂ ಇದೆ ಕಣ್ರೀ! ನೀವು ಹೇಳಿದ್ದು ನಿಜ!"

ಐವತ್ತು ತುಂಬಲು ಎರಡೂವರೆ ಗಂಟೆ ಬಾಕಿಯಿದ್ದ ಹೆಂಗಸು ಮಹಡಿಯ ಮೇಲೆ ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದರು. ಕೆಳಗೆ ಬೀದಿಯಲ್ಲೂ ಗದ್ದಲ ನಿಂತುಹೋಗಿತ್ತು. "ಎಷ್ಟೊಂದಿದೆಯಲ್ಲ ಮಿಸ್!" ಎಂದು ಟೈಲರ್ ಯಾವುದನ್ನೋ ಕುರಿತು ಮೆಲ್ಲಗೆ ಹೇಳುತ್ತಿದ್ದ. ಸದ್ದು ಮಾಡಬೇಡ ಎಂದು ಹೆಡ್‌ಮಿಸ್ ಗದರಿದರು.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಇಂಜಿನಿಯರು. "ಮೇಸ್ತ್ರಿ, ಇಡೀ ಬಡಾವಣೆ ಕತ್ತಲು! ನಿಮ್ಮ ಮನೆ ಹತ್ರಾನೇ ಅಲ್ವೇನ್ರೀ? ಬೇಗ ಹೋಗಿ, ಪಕ್ಕದ ಲೈನಿಂದ ಕರೆಂಟ್ ಕೊಡಿ!"

"ಹೊರಟೆ ಸಾರ್" ಎಂದರು ಮೇಸ್ತ್ರಿಗಳು.

ಹೆಂಡತಿ ಅವರ ತೋಳು ಹಿಡಿದುಕೊಂಡರು. "ಹೋಗಿ ಎಲ್ಲಾ ಹೊತ್ತಿಸಿಬಿಡ್ತೀರಿ, ಮತ್ತೆ ಸಿಗಲ್ಲ. ಒಂದೇ ಒಂದು ಸಲ ನನ್ನ ಜೊತೆ ನೋಡಿ ಹೋಗಿ. ಅಗೋ, ನನ್ನ ಬೆರಳಿನ ನೇರಕ್ಕೆ. ಕಾಣ್ತಿದೆ ತಾನೇ?"

ಮೇಸ್ತ್ರಿಗಳು ಕತ್ತೆತ್ತಿದರು. ಮೇಲೆ ಆ ತುದಿಯಿಂದ ಈ ತುದಿಯವರೆಗೆ ಒಂದೇ ಮಂಜು. ಜೇಬಿನಲ್ಲಿ ಕರ್ಚೀಫಿನ ಒಳಗಿನ ಗಾಜಿನ ಚೂರು ತೊಡೆಗೆ ಒತ್ತುತ್ತಿತ್ತು. ಅವರು ತುಂಬ ಹೊತ್ತು ಹಾಗೆಯೇ ನೋಡಿದರು.

"ಹ್ಞೂ" ಎಂದರು. "ಹತ್ತಿ ಚೂರಿನ ಹಾಗಿದೆ."

ಆಮೇಲೆ ಗೋಡೆ ತಡವಿಕೊಂಡು, ಒಂದೊಂದೇ ಮೆಟ್ಟಿಲಿಳಿದು, ದೀಪ ಹೊತ್ತಿಸಲು ಹೋದರು.