ಹೊಳೆದಲ್ಲೆಲ್ಲ ಕೂದಲು

“ನೋಡ್ತಾ ಇರು ಪಂಚಾಕ್ಷರಿ, ನಿನ್ನ ಬೋಳುತಲೆಗೆ ಇವತ್ತೇ ಕೊನೆ!”

ಹೀಗಂದು ಪಕ್ಕದ ಮನೆಯ ತ್ರಿಲೋಚನಪ್ಪನವರು ಹಳೇ ಮಿಕ್ಸಿಯ ಹೊಟ್ಟೆಯೊಳಗೆ ಕೂರಿಸಿದ್ದ ತಮ್ಮ ಹೊಸ ಯಂತ್ರದ ಗುಂಡಿ ಒತ್ತಿದರು. ಯಂತ್ರದ ಹೆಸರು ಹೊಳಪುನುಂಗಿ. ಇದೇ ಮಹಾನುಭಾವರ ದೋಸೆ ಮಗುಚುವ ಯಂತ್ರ ಹೋದ ವರ್ಷ ದೋಸೆಯನ್ನು ಸೂರಿಗೆ ಅಂಟಿಸಿತ್ತು, ಆ ಮಾತು ಬಿಡಿ. ಇದು ಹಾಗಲ್ಲವಂತೆ. ಚಿತ್ರದಲ್ಲಿ ಎಲ್ಲೆಲ್ಲಿ ಅತಿಯಾದ ಹೊಳಪಿದೆಯೋ ಅಲ್ಲಿಗೆಲ್ಲ ಇದು ಮೊದಲು ಮುಸುಕು ಹಾಕುತ್ತದೆ. ಆಮೇಲೆ ಒಳಗಿರುವ ಎಐ ಆ ಮುಸುಕಿನ ಜಾಗದಲ್ಲಿ ನಾವು ಹೇಳಿದ್ದನ್ನು ಬಿಡಿಸುತ್ತದೆ. ಎಷ್ಟು ಹೊಳೆದರೆ ಅತಿ ಎಂದು ತೀರ್ಮಾನಿಸುವುದಕ್ಕೆ ಮಿಕ್ಸಿಯ ನಾಬೇ ಸಾಕು. ಬಿಡಿಸಬೇಕಾದದ್ದು ಏನೆಂದು ತ್ರಿಲೋಚನಪ್ಪ ಆಗಲೇ ಹೇಳಿಟ್ಟಿದ್ದರು: ದಟ್ಟ ಕಪ್ಪು ಕೂದಲು.

ಪರದೆಯ ಮೇಲೆ ಪಂಚಾಕ್ಷರಿಯ ಫೋಟೋ ಒಮ್ಮೆ ಕಣ್ಣು ಮಿಟುಕಿಸಿದಂತಾಗಿ, ಫ್ಲ್ಯಾಶ್ ಬಿದ್ದು ಫಳಫಳ ಅನ್ನುತ್ತಿದ್ದ ನೆತ್ತಿಯ ಮೇಲೆ ಸೊಂಪಾದ ಕ್ರಾಪು ಎದ್ದಿತು. ತಾಯಿ ಸರ್ವಮಂಗಳಮ್ಮನವರು ಮಗನನ್ನು ಬಿಟ್ಟು ಫೋಟೋಗೆ ದೃಷ್ಟಿ ತೆಗೆದರು.

ಪಾಪ, ಪಂಚಾಕ್ಷರಿಗೆ ಇದರ ಅಗತ್ಯ ನಿಜಕ್ಕೂ ಇತ್ತು. ಆತ ತುಮಕೂರಿನ ಹೈಸ್ಕೂಲೊಂದರಲ್ಲಿ ಲೆಕ್ಕದ ಮೇಷ್ಟ್ರು, ಒಳ್ಳೆಯವನು, ಆದರೆ ಮೂವತ್ತು ದಾಟುವಷ್ಟರಲ್ಲಿ ತಲೆ ನುಣ್ಣಗಾಗಿತ್ತು. ಫೋಟೋ ನೋಡಿದ ಹೆಣ್ಣಿನ ಕಡೆಯವರೆಲ್ಲ “ತಿಳಿಸ್ತೀವಿ” ಅಂದವರು ಮತ್ತೆ ತಿಳಿಸಿರಲಿಲ್ಲ. ಅದನ್ನೆಲ್ಲ ಅವನು ನುಂಗಿಕೊಂಡಿದ್ದ. ಆದರೆ ದೊಡ್ಡಮ್ಮನ ಮಗಳ ಮದುವೆಯಲ್ಲಿ ದಾಕ್ಷಾಯಿಣಿಯನ್ನು ನೋಡಿದ ಮೇಲೆ ಹಾಗಾಗಲಿಲ್ಲ. ಅವಳು ಅಡುಗೆಯವರಿಗೆ ತಣ್ಣಗೆ, “ಪಾಯಸಕ್ಕೆ ಇನ್ನೊಂದು ಕೊಡ ನೀರು ಹಾಕಿ, ಸ್ನಾನವೂ ಆಗಿಹೋಗಲಿ” ಅಂದದ್ದು ಕೇಳಿ ಇವನು ಅಲ್ಲೇ ಸೋತುಹೋದ. ಅವತ್ತು ಇವನ ತಲೆ ಮೇಲೆ ಮದುವೆಯ ಪೇಟ ಇತ್ತು. ಒಳಗಿನ ಸಂಗತಿ ಅವಳಿಗೆ ಗೊತ್ತಿರಲಿಲ್ಲ.

ಕೂದಲಿನ ಫೋಟೋ ತಿಪಟೂರಿನ ದಾಕ್ಷಾಯಿಣಿಯ ಮನೆಗೆ ಹೋಯಿತು. ಹುಡುಗಿ ಕಡೆಯವರು ಒಪ್ಪಿದರು. ಆದರೆ ಆ ಮನೆಯಲ್ಲಿ ಯಜಮಾನಿಕೆ ಅಜ್ಜಿಯದು. ಅಜ್ಜಿಗೆ ಮಂಡಿ ನೋವು, ಪ್ರಯಾಣ ಆಗದು, ಭಾನುವಾರ ಬೆಳಿಗ್ಗೆ ವಿಡಿಯೋದಲ್ಲೇ ಗಂಡು ನೋಡುತ್ತಾರೆ ಅಂತ ಹೇಳಿಕಳಿಸಿದರು. ಪಂಚಾಕ್ಷರಿ ಬೋಳು ನೆತ್ತಿ ಸವರಿಕೊಂಡು ಪಕ್ಕದ ಮನೆಗೆ ಓಡಿದ. ತ್ರಿಲೋಚನಪ್ಪ ಮಾತ್ರ ನಕ್ಕು, ನಿಂತ ಚಿತ್ರಕ್ಕೆ ಮಾಡಿದ್ದನ್ನು ಓಡುವ ಚಿತ್ರಕ್ಕೆ ಮಾಡುವುದೇನು ಮಹಾ ಅಂದರು. ಯಂತ್ರ ಸಮೇತ ಮೇಜಿನ ಕೆಳಗೆ ಅಂಗಾತ ಮಲಗುವುದೆಂದೂ ತಾವೇ ನಿರ್ಧರಿಸಿದರು.

ಎಡವಟ್ಟಾದದ್ದು ಸರ್ವಮಂಗಳಮ್ಮನವರಿಂದ. ಯಂತ್ರದ ಸೂಕ್ಷ್ಮ ಅವರಿಗೇನು ಗೊತ್ತು? ಶುಭಕಾರ್ಯ ಅಂತ ಹಿತ್ತಾಳೆ ದೀಪವನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬಂಗಾರ ಮಾಡಿದ್ದರು. ಸ್ಟೀಲ್ ಲೋಟಗಳನ್ನು ಬೆಳಗಿ ಸಾಲಾಗಿ ಇಟ್ಟಿದ್ದರು. ಮಗನ ಮುಖಕ್ಕೆ ಅಂಗೈ ತುಂಬ ಪೌಡರು ಬಳಿದು, ಹಣೆಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದಿದ್ದರು. ಗಾಳಿ ಬರಲಿ ಎಂದು ಮೂಡಣ ಕಿಟಕಿ ಬೇರೆ ತೆಗೆದಿಟ್ಟಿದ್ದರು.

ಮೊದಲೆರಡು ನಿಮಿಷ ಎಲ್ಲ ಚೆನ್ನಾಗಿತ್ತು. ಪರದೆಯ ಮೂಲೆಯಲ್ಲಿ ತನ್ನ ಕ್ರಾಪು ನೋಡಿಕೊಂಡು ಪಂಚಾಕ್ಷರಿ ಧೈರ್ಯವಾಗಿ ಕೂತಿದ್ದ. ದಾಕ್ಷಾಯಿಣಿ ಸಣ್ಣಗೆ ನಕ್ಕಳು ಕೂಡ. ಅಷ್ಟರಲ್ಲಿ ಸರ್ವಮಂಗಳಮ್ಮ ಬಂದು ದೀಪ ಹಚ್ಚಿದರು. ದೀಪಕ್ಕೆ ಜುಟ್ಟು ಬಂತು. ಅವರು ಕ್ಯಾಮೆರಾ ಕಡೆ ತಿರುಗಿ ಹುಡುಗಿ ಕಡೆಯವರಿಗೆ ಕೈ ಮುಗಿದರೆ, ಮೂಗುಬೊಟ್ಟು ಹೊಳೆದು ಅಲ್ಲೊಂದು ಮೀಸೆ ಹುಟ್ಟಿತು. ಸಾಲಾಗಿದ್ದ ಲೋಟಗಳಿಗೆ ಒಂದೊಂದಕ್ಕೂ ಗಡ್ಡ ಬೆಳೆಯಿತು.

ಆ ಕಡೆಯಿಂದ ಅಜ್ಜಿ, ಪಕ್ಕದಲ್ಲಿ ಕೂತಿರುವ ಮರಿಗಳು ಕುರಿಯವೋ ಮೇಕೆಯವೋ ಎಂದು ವಿಚಾರಿಸಿದರು.

ಪಂಚಾಕ್ಷರಿ ಕಾಲಿನಿಂದ ಮೇಜಿನ ಕೆಳಗೆ ತಿವಿದ. ತ್ರಿಲೋಚನಪ್ಪ ಗಾಬರಿಯಲ್ಲಿ ನಾಬು ತಿರುಗಿಸಿದರು. ಅಂಗಾತ ಮಲಗಿದವರಿಗೆ ಎಡ ಯಾವುದು ಬಲ ಯಾವುದು? ಕಡಿಮೆ ಮಾಡಲು ಹೋಗಿ ಪೂರ್ತಿ ಜಾಸ್ತಿ ಮಾಡಿಬಿಟ್ಟರು. ಪೌಡರು ಬಳಿದ ಮುಖಕ್ಕೆಲ್ಲ ಕೂದಲು ಮುಸುಕಿತು. ವಿಭೂತಿಯ ಮೂರು ಪಟ್ಟೆ ಮೂರು ಹುಬ್ಬಾಗಿ ಎದ್ದವು. ಏನೋ ಸಮಜಾಯಿಷಿ ಹೇಳಲು ಬಾಯಿ ತೆರೆದರೆ ಹಲ್ಲು ಹೊಳೆದು ಬಾಯಿಂದಲೂ ಕೂದಲೇ ಸುರಿಯಿತು. ರಾತ್ರಿಯೆಲ್ಲ ನಿದ್ದೆಗೆಟ್ಟು ಕೆಂಡವಾಗಿದ್ದ ಎರಡು ಕಣ್ಣು ಮಾತ್ರ ಆ ಕಾಡಿನೊಳಗಿಂದ ಮಿಕಿಮಿಕಿ ನೋಡುತ್ತಿದ್ದವು.

ಆ ಕಡೆ ಅಜ್ಜಿ ಮಂಡಿ ನೋವು ಮರೆತು ಎದ್ದು ನಿಂತು ಎರಡೂ ಕೈ ಮುಗಿದರು. ಮನೆದೇವರು ವೀರಭದ್ರಸ್ವಾಮಿಯೇ ದರ್ಶನ ಕೊಟ್ಟಿದ್ದಾನೆ, ಈ ಸಂಬಂಧ ದೇವರೇ ಒಪ್ಪಿದ್ದು, ಇನ್ನು ಯಾರೂ ತುಟಿ ಬಿಚ್ಚಕೂಡದು ಅಂದವರೇ ಗಟ್ಟಿ ದನಿಯಲ್ಲಿ ವೀರಭದ್ರನನ್ನು ಹೊಗಳುವ ಒಡಪು ಹೇಳತೊಡಗಿದರು. ಹುಡುಗಿಯ ಅಪ್ಪ ಕರ್ಪೂರ ಹುಡುಕಲು ಒಳಗೆ ಓಡಿದರು.

“ಸುಮ್ಮನಿರೋ, ಕೆಲಸ ಆಯ್ತು!” ಎಂದು ಮೇಜಿನ ಕೆಳಗಿಂದ ತ್ರಿಲೋಚನಪ್ಪ ಪಿಸುಗುಟ್ಟಿದರು.

ನಿಜ, ಸುಮ್ಮನಿದ್ದರೆ ಸಾಕಿತ್ತು. ಪಂಚಾಕ್ಷರಿಗೂ ಆಸೆಯಾಗಲಿಲ್ಲ ಅಂತೇನಿಲ್ಲ. ಆದರೆ ದಾಕ್ಷಾಯಿಣಿ ಕೈ ಮುಗಿದಿರಲಿಲ್ಲ. ಅವಳು ಪರದೆಯನ್ನೇ ದಿಟ್ಟಿಸುತ್ತಿದ್ದಳು, ಅವಳ ಮುಖದಲ್ಲಿ ನಗು ಇರಲಿಲ್ಲ. ಅವಳಿಗೆ ಮೋಸ ಮಾಡುತ್ತಿದ್ದೇನಲ್ಲ ಎಂದು ಇವನಿಗೆ ಅನ್ನಿಸಿತು. ಬಗ್ಗಿ ಯಂತ್ರದ ವಯರು ಕಿತ್ತ. ಏನೂ ಆಗಲಿಲ್ಲ. ಕರೆಂಟು ಹೋದರೂ ನಿಲ್ಲದಿರಲಿ ಅಂತ ತ್ರಿಲೋಚನಪ್ಪ ಒಳಗೊಂದು ಬ್ಯಾಟರಿ ಇಟ್ಟಿದ್ದರು! ಅದೇ ಹೊತ್ತಿಗೆ ಕಿಟಕಿಯಿಂದ ಬಿಸಿಲು ನುಗ್ಗಿ ಗೋಡೆ, ಕುರ್ಚಿ, ತಾಯಿ, ಮಗ ಎಲ್ಲ ಮುಸುಕಿನೊಳಗೆ ಸೇರಿ, ಪರದೆಯ ತುಂಬ ಬರೀ ಕೂದಲು ಉಳಿಯಿತು. ಆ ಕೂದಲಿನ ರಾಶಿಯೊಳಗಿಂದಲೇ ಪಂಚಾಕ್ಷರಿ ಮಾತಾಡಿದ.

“ಅಜ್ಜಿ, ನಾನು ದೇವರಲ್ಲ. ದಾಕ್ಷಾಯಿಣಿಯವರೇ, ಇದರಲ್ಲಿ ಒಂದು ಕೂದಲೂ ನನ್ನದಲ್ಲ. ಫೋಟೋದಲ್ಲಿದ್ದದ್ದೂ ನನ್ನದಲ್ಲ. ನನಗೆ ತಲೆ ಪೂರ್ತಿ ಬೋಳು. ನೀವು ಬೇಡ ಅಂತೀರಿ ಅನ್ನೋ ಭಯಕ್ಕೆ ಸುಳ್ಳು ಹೇಳಿದೆ.”

ಒಡಪು ನಿಂತಿತು. ಹಚ್ಚಿದ ಕರ್ಪೂರ ಹಿಡಿದು ಅಪ್ಪ ಬಾಗಿಲಲ್ಲೇ ನಿಂತರು.

ದಾಕ್ಷಾಯಿಣಿ ಪರದೆಯ ಹತ್ತಿರಕ್ಕೆ ಬಂದಳು. “ಲೋಟಕ್ಕೆ ಗಡ್ಡ ಬಂದಾಗಲೇ ಅನುಮಾನ ಬಂತು,” ಅಂದಳು. “ಇವರು ಒಪ್ಪಿಕೊಳ್ತಾರೋ, ದೇವರಾಗಿಯೇ ಉಳೀತಾರೋ ಅಂತ ಕಾಯ್ತಿದ್ದೆ. ಮುಂದಿನ ಭಾನುವಾರ ನೀವೇ ಬನ್ನಿ. ನಿಮ್ಮ ತಲೆ ಮಾತ್ರ ತನ್ನಿ, ಯಂತ್ರ ಬೇಡ.”

ಸರ್ವಮಂಗಳಮ್ಮ ಅಳುತ್ತಿದ್ದರೋ ನಗುತ್ತಿದ್ದರೋ, ಕೂದಲಿನಲ್ಲಿ ಯಾರಿಗೂ ಕಾಣಿಸಲಿಲ್ಲ. ಅಜ್ಜಿ ಮಾತ್ರ ಬೇಜಾರಿನಿಂದ ಕೂತು ಮಂಡಿ ನೀವಿಕೊಂಡರು.

“ಹುಡುಗ ಬೋಳಾದರೆ ಆಗಲಿ ಬಿಡು,” ಅಂದರು ಮೊಮ್ಮಗಳಿಗೆ. “ಬರೋವಾಗ ಆ ದೇವರನ್ನೂ ಜೊತೆಗೆ ಕರಕೊಂಡು ಬರೋಕೆ ಹೇಳು.”