ಕೊಂದೆಸ್ಸಾಳ ಬಾಣಂತನ

"ಈ ಸಲ ನನ್ನ ಹಂದಿ ಕೊಂದೆಸ್ಸಾಳ ಮರಿಗಳು ನಿನ್ನ ಹಂದಿಮರಿಗಳಿಗಿಂತ ಹೆಚ್ಚು ತೂಗದಿದ್ರೆ, ಚರ್ಚಿನ ಹಬ್ಬದಲ್ಲಿ ಪೊಲೆಂಟಾ ಹಂಡೆ ತಿರುವೋನು ನಾನೇ! ಏಪ್ರನ್ ಕಟ್ಕೊಂಡು! ತೂಗಿದ್ರೆ ನೀನು!"

ಆರ್ಲಿಂದೋ ಭಾವಮೈದ ದಾರ್ಸಿಯೆದುರು ಹೀಗೆ ಭೀಷ್ಮಪ್ರತಿಜ್ಞೆ ಮಾಡಿದ. ಸಾಂತಾ ಕತರೀನಾದ ಆ ಗುಡ್ಡಗಳಲ್ಲಿ ಗಂಡಸು ಸಾಲ ಮಾಡಿದರೂ ಕ್ಷಮೆಯುಂಟು, ಊರೆದುರು ಮೆಕ್ಕೆಜೋಳದ ಮುದ್ದೆ ತಿರುವಿದರೆ ಇಲ್ಲ! ಆದರೆ ಅವನು ಸಹಕಾರ ಸಂಘದ ಹಂದಿಮೇವಿನ ತರಬೇತಿ ಮುಗಿಸಿ ಬಂದಿದ್ದ. ತಲೆಯಲ್ಲಿ ಅಮೈನೋ ಆಮ್ಲಗಳು ಕುಣಿಯುತ್ತಿದ್ದವು.

"ಬಾಣಂತಿ ಹಂದಿಗೆ ಬರೀ ಮೆಕ್ಕೆಜೋಳ ಸಾಲದು," ಎಂದು ಮನೆಯಲ್ಲಿ ಹೆಂಡತಿ ಜೆಮಾಳಿಗೆ ಪಾಠ ಶುರುವಾಯಿತು. "ಹಾಲು ಅಂದ್ರೆ ಪೀಪಾಯಿ. ಒಂದೊಂದು ಅಮೈನೋ ಆಮ್ಲ ಒಂದೊಂದು ಹಲಗೆ. ಜೋಳದಲ್ಲಿ ಲೈಸೀನ್ ಹಲಗೆ ಗಿಡ್ಡ. ಮಿಕ್ಕವೆಲ್ಲ ಎಷ್ಟೇ ಉದ್ದ ಇರಲಿ, ಅಲ್ಲಿಂದಲೇ ಸೋರುತ್ತೆ!"

"ನಮ್ಮ ಪೀಪಾಯಿ ಯಾವತ್ತೂ ಸೋರಿಲ್ಲಪ್ಪ," ಎಂದು ಜೆಮಾ ಆಕಳಿಸಿದಳು.

ವಿಜ್ಞಾನಕ್ಕೆ ಆಕಳಿಕೆಯ ಅಪಮಾನವೇ! ಆರ್ಲಿಂದೋ ಗರಗಸ ಹಿಡಿದು ನೆಲಮಾಳಿಗೆಗೆ ಇಳಿದ. ದ್ರಾಕ್ಷಿ ಹುದುಗಿಸುವ ಬಾಯ್ತೆರೆದ ದೊಡ್ಡ ಪೀಪಾಯಿ ಅಲ್ಲಿ ಖಾಲಿ ನಿಂತಿತ್ತು. ಒಂದು ಹಲಗೆಯನ್ನು ಮೇಲಿನಿಂದ ಗೇಣುದ್ದ ಕೊಯ್ದ. ನೀರು ತುಂಬಿದ. ಕೊಯ್ದಲ್ಲಿಂದಲೇ ಧೋ ಎಂದು ಸುರಿಯಿತು.

"ಅರ್ಥ ಆಯ್ತಾ?"

"ನನಗಾಯ್ತು ಮಾರಾಯ. ಇದು ನಮ್ಮಮ್ಮ ತವರಿಂದ ತಂದ ಪೀಪಾಯಿ. ಅವಳಿಗೆ ಯಾರು ಅರ್ಥ ಮಾಡಿಸ್ತಾರೆ?"

ಅತ್ತೆ ನೋನಾ ಎರ್ಸೀಲಿಯಾ! ಆರ್ಲಿಂದೋ ಕೊಯ್ದ ತುಂಡಿಗಾಗಿ ತಡಕಾಡಿದ. ಅದು ನೀರಲ್ಲಿ ತೇಲಿ ಚರಂಡಿ ಸೇರಿಯಾಗಿತ್ತು. ಕೈಗೆ ಸಿಕ್ಕಿದ್ದು ನಿನ್ನೆಯ ತಂಗಳು ಪೊಲೆಂಟಾ, ದಾರದಿಂದ ಕೊಯ್ಯುವಷ್ಟು ಗಟ್ಟಿ. ಅಳತೆಗೆ ಕೊಯ್ದು, ಸಂದಿಗೆ ಜಡಿದು, ಮೇಲೆ ಮಸಿ ಬಳಿದ. ಬಡಗಿಯೂ ಮೋಸಹೋಗಬೇಕು, ಅಂಥ ಕೆಲಸ!

ಕೊಂದೆಸ್ಸಾ ಈದಳು. ಆರ್ಲಿಂದೋ ಸೋಯಾ ಹಿಂಡಿ ಬೆರೆಸಿದ, ಲೈಸೀನ್ ಪುಡಿ ಉದುರಿಸಿದ, ಮಿಕ್ಕ ಹಲಗೆಗಳೂ ಸಮ ಇರಲೆಂದು ಥ್ರಿಯೋನಿನ್, ವ್ಯಾಲಿನ್ ಅಳೆದಳೆದು ಹಾಕಿದ. ಸ್ವಂತ ಹೆಂಡತಿಯ ಬಾಣಂತನಕ್ಕೂ ಇಷ್ಟು ಓಡಾಡಿರಲಿಲ್ಲ. ಜೆಮಾ ಅದನ್ನು ದಿನಕ್ಕೊಮ್ಮೆ ನೆನಪಿಸಿದಳು. ಆದರೆ ಮರಿಗಳು! ಒಂದೊಂದೂ ಪಾದ್ರಿಯ ಕೆನ್ನೆಯಂತೆ ಉಬ್ಬಿದವು.

ಈ ನಡುವೆ ನೋನಾ ಪೀಪಾಯಿಯ ಕಂಠದವರೆಗೂ ದ್ರಾಕ್ಷಿ ತುಳಿದು ತುಂಬಿಸಿದ್ದಳು.

ತೂಕದ ದಿನ ಊರೇ ಹಂದಿಮನೆಗೆ ಬಂತು. ತಕ್ಕಡಿಯಲ್ಲಿ ಆರ್ಲಿಂದೋ ಗೆದ್ದ! ದಾರ್ಸಿಯ ಮುಖ ಇಂಗು ತಿಂದ ಮಂಗನಂತಾಯಿತು. ಆರ್ಲಿಂದೋನ ಎದೆಗೆ ಅಂಗಿಯ ಗುಂಡಿಗಳು ಸಾಲಲಿಲ್ಲ.

"ಅಳಿಯದೇವ್ರೇ," ನೋನಾಳ ದನಿ ಕೇಳಿಸಿತು, "ನಿಮ್ಮ ಬಾಣಂತಿ ಯಾಕೆ ಗೊರಕೆ ಹೊಡೀತಿದ್ದಾಳೆ?"

ಕೊಂದೆಸ್ಸಾ ನಾಲ್ಕೂ ಕಾಲು ಚಾಚಿ ಮಲಗಿದ್ದಳು. ಮೂತಿ ಕೆಂಪು. ಬದಿಯಲ್ಲಿ ಕೆಂಪು ತೊರೆಯೊಂದು ಹರಿಯುತ್ತಿತ್ತು. ಊರೆಲ್ಲ ತೊರೆಯ ಬೆನ್ನುಹತ್ತಿ ಇಳಿಜಾರು ಏರಿತು. ಅದು ನೆಲಮಾಳಿಗೆಯಲ್ಲಿ, ಕರಗಿದ ಪೊಲೆಂಟಾ ಜೋತಾಡುತ್ತಿದ್ದ ಪೀಪಾಯಿಯ ಬಳಿ ಮುಗಿಯಿತು.

"ಜೋಳದ ಹಲಗೆ ಗಿಡ್ಡ ಅಂತ ನೀನೇ ಹೇಳಿದ್ದೆಯಲ್ಲೋ!" ಎಂದಳು ಜೆಮಾ.

ನೋನಾ ಪೀಪಾಯಿಗೆ ಕೈಯಿಟ್ಟು, ಸೋರಿಹೋದ ವೈನನ್ನು ಗೇಣಿನಲ್ಲಿ ಅಳೆದಳು. 

ಹಬ್ಬ ಬಂತು. ದಾರ್ಸಿ ಏಪ್ರನ್ ಕಟ್ಟಿಕೊಂಡು ಹಂಡೆ ತಿರುವಿದ. ಆರ್ಲಿಂದೋ ಮೇಜಿನ ತುದಿಯಲ್ಲಿ ಚಕ್ರವರ್ತಿಯಂತೆ ಕೂತ. ಕಂಡಕಂಡವರಿಗೆ ಲೈಸೀನಿನ ಪಾಠವಾಯಿತು, ಮೀಸೆ ತಿರುವಿದ್ದೂ ಆಯಿತು. ಅಷ್ಟರಲ್ಲಿ ನೋನಾ ವೈನಿನ ಹೂಜಿ ಹಿಡಿದು ಬಂದಳು. ಎಲ್ಲರ ಲೋಟವೂ ತುಂಬಿತು. ದಾರ್ಸಿಯದು ಎರಡು ಸಲ. ಆರ್ಲಿಂದೋನ ಲೋಟ ಬಂದಾಗ ಹೂಜಿ ಮೇಲೇರಿತು.

"ನೋನಾ! ಗೆದ್ದವನು ನಾನು!"

"ಹೌದಪ್ಪ, ಗೆದ್ದೆ," ನೋನಾ ಅವನ ಬೆನ್ನು ಸವರಿದಳು. "ಆದ್ರೆ ಈ ವರ್ಷದ ನಿನ್ನ ಪಾಲನ್ನ ಕೊಂದೆಸ್ಸಾ ಕುಡಿದಾಯ್ತಲ್ಲ. ಬಾಣಂತಿ ನೋಡು, ಪೋಷಣೆ ಬೇಕು!"